ಕೊನೀಮನಿ ಬಾಜೂಕ

ಉಮಾಶ್ರೀ ಆ ದಿನ ಜಗಳ ಮಾಡಲೆಂದೇ ಬೀಳಗಿಯ ಬಸ್ಸು ಹತ್ತಿದ್ದಳು.

ದಾರಿಯುದ್ದಕ್ಕೂ ಮಾತು ಹದ ಮಾಡಿಕೊಂಡಳು. ಮೊದಲು ಮೆಲ್ಲಗೆ ಕೇಳುವುದು, ಆಮೇಲೆ ದನಿ ಏರಿಸುವುದು, ಅಳು ಬಂದರೂ ನಡುವೆ ನಿಲ್ಲಿಸದೆ ಹೇಳಿ ಮುಗಿಸುವುದು. ಕೃಷ್ಣೆಯ ಹಿನ್ನೀರು ಏರುತ್ತದೆಂದು ಅವಳ ಊರು ಯಡಹೊಳಿಯನ್ನು ಎಬ್ಬಿಸಿ ದಿನ್ನೆಯ ಮೇಲಿನ ಹೊಸ ಜಾಗಕ್ಕೆ ಕಳಿಸುವುದೆಂದು ಆಗಿತ್ತು. ಅದಕ್ಕೆ ಈಗ ಯಾರೂ ಅಳುತ್ತಿರಲಿಲ್ಲ, ಅತ್ತು ಮುಗಿದಿತ್ತು. ಆದರೆ ಹಿಂದಿನ ದಿನ ಹೊಸ ಪ್ಲಾಟುಗಳ ಪಟ್ಟಿ ಓದಿದಾಗ ಅವರ ಬೀರದೇವರ ಓಣಿಯೆಂಬ ಓಣಿಯೇ ಕಲಸಿಹೋಗಿತ್ತು. ಗೋಡೆಗೆ ಗೋಡೆ ಹಚ್ಚಿ ಬಾಳಿದವರು ಒಬ್ಬರು ಆ ತುದಿಗೆ, ಒಬ್ಬರು ಈ ತುದಿಗೆ.

ಬೇರೆಯವರು ಬೈದು ಸುಮ್ಮನಾದರು. ಉಮಾಶ್ರೀಗೆ ಸುಮ್ಮನಾಗಲು ಬರುವಂತಿರಲಿಲ್ಲ. ತಾಯಿ ಹೋದ ಮೇಲೆ ಅವಳನ್ನು ಕತೆ ಹೇಳಿ ಹೇಳಿ ಬೆಳೆಸಿದ ಅಜ್ಜಿ ಸತ್ಯವ್ವನಿಗೆ ಕಣ್ಣು ಇರಲಿಲ್ಲ. ಓಣಿಯನ್ನು ಅವಳು ಅಂಗೈಯಿಂದ ನೋಡುತ್ತಿದ್ದಳು. ಕೈ ಗೋಡೆಗೆ ಆನಿಸಿ ಯಾವ ಕಡೆ ನಡೆದರೂ, ಸುಣ್ಣದ ನುಣುಪು ಸಿಕ್ಕಲ್ಲಿ ಗೆಳತಿ ಶಿವವ್ವನ ಮನೆ, ಕಲ್ಲು ಚುಚ್ಚಿದಲ್ಲಿ ರಾಚಪ್ಪನದು, ಗೋಡೆಯಿಂದ ಉಣ್ಣೆಯ ವಾಸನೆ ಬಂದಲ್ಲಿ ಓಣಿಯ ಹಿರಿಯ ಹಾಲಸಿದ್ದಪ್ಪನ ಕುರಿದೊಡ್ಡಿ. ಆ ಸಾಲು ತಪ್ಪಿದರೆ ಮುದುಕಿಗೆ ಎರಡನೇ ಸಲ ಕಣ್ಣು ಹೋದಂತೆ.

ಪಟ್ಟಿ ತಯಾರಿಸಲು ಗುತ್ತಿಗೆ ಹಿಡಿದಿದ್ದ ಖಾಸಗಿ ಕಂಪ್ಯೂಟರ್ ಸೆಂಟರು ಬಸ್‌ಸ್ಟ್ಯಾಂಡಿನ ಹಿಂದಿತ್ತು. ಒಳಗೆ ಹೋದರೆ ಯಾರೂ ಇಲ್ಲ. ಟೇಬಲ್ಲಿನ ಕೆಳಗೆ ಅಂಗಾತ ಮಲಗಿ ಯಾವನೋ ವಾಯರು ಜಗ್ಗುತ್ತಿದ್ದ. ಕಾಲು ಮಾತ್ರ ಕಾಣುತ್ತಿದ್ದವು. ಪಟ್ಟಿ ಮಾಡಿದವನು ಎಲ್ಲಿ ಎಂದು ಆ ಕಾಲುಗಳನ್ನೇ ಕೇಳಿದಳು. ಯಾಕೆ ಎಂದವು ಕಾಲುಗಳು. ಅವನಿಗೆ ಯಾರು ರೊಕ್ಕ ತಿನ್ನಿಸಿದ್ದಾರೆ ಎಂದು ಶುರು ಮಾಡಿದವಳು, ಹದ ಮಾಡಿಕೊಂಡು ಬಂದ ಮಾತನ್ನೆಲ್ಲ ಆ ಕಾಲುಗಳ ಮೇಲೆ ಸುರಿದಳು. ಅವನ ಮನೆಯ ಅಡಿಗೆಮನೆ ಒಂದೂರಲ್ಲಿ, ಬಚ್ಚಲು ಇನ್ನೊಂದೂರಲ್ಲಿ ಆಗಲಿ ಎಂದೂ ಹೇಳಿದಳು.

ಕೆಳಗಿನವನು ಎಲ್ಲಕ್ಕೂ ಹೂಂಗುಟ್ಟಿದ. ಆಮೇಲೆ ತೆವಳಿ ಹೊರಗೆ ಬಂದು, ಕೂದಲಿನ ಧೂಳು ಕೊಡವಿ, ಕಂಪ್ಯೂಟರಿನ ಮುಂದಿನ ಕುರ್ಚಿಯಲ್ಲಿ ಕೂತ.

"ಬೈಸಿಕೊಂಡಾತು," ಅಂದ. "ಇನ್ನ ಕುಂದರ್ರಿ. ಏನ್ ತಪ್ಪೈತಿ ನೋಡೂಣು."

ಅವಳ ಕಿವಿ ಬಿಸಿಯಾದವು. ಅವನು ನಗಲಿಲ್ಲ. ಆದರೆ ಕಣ್ಣಿನ ಮೂಲೆಯಲ್ಲಿ ನಗುವೊಂದು ಬಂದು, ಒಳಗೆ ಬರಲೋ ಬೇಡವೋ ಎಂದು ಹೊಸ್ತಿಲಲ್ಲಿ ನಿಂತಿತ್ತು.

ಹೆಸರು ಗುರುಪಾದ. ಬನಹಟ್ಟಿಯವನು. ಅಪ್ಪ ಮಗ್ಗದ ಸದ್ದಿನಲ್ಲೇ ಮುಪ್ಪಾದವನು. ಮಗ ಜಮಖಂಡಿಯಲ್ಲಿ ಡಿಪ್ಲೊಮಾ ಓದಿ, ಜಾವಾ ಕಲಿತು, ಇಲ್ಲಿ ಬಂದು ಮುಳುಗುವ ಊರುಗಳ ಮನೆಗಳನ್ನು ಕಂಪ್ಯೂಟರಿಗೆ ತುಂಬುತ್ತಿದ್ದ.

ಅವನು ಪ್ರೋಗ್ರಾಮು ತೆರೆದು ತೋರಿಸಿದ. ಮನೆ ಎಂಬುದು ಒಂದು ಕ್ಲಾಸು, ಅಂದರೆ ಅಚ್ಚು. ಅದರಿಂದ ತೆಗೆದ ಒಂದೊಂದು ಮನೆಯೂ ಒಂದೊಂದು ಆಬ್ಜೆಕ್ಟು. ಮನೆಯ ಯಜಮಾನರ ಹೆಸರು ಕೀ, ಆ ಹೆಸರಿಗೆ ಕಟ್ಟಿಟ್ಟ ಮನೆ ಅದರ ವ್ಯಾಲ್ಯೂ. ಇಂಥ ಜೋಡಿಗಳನ್ನೆಲ್ಲ ಅವನು ಹ್ಯಾಶ್‌ಮ್ಯಾಪ್ ಎಂಬುದರಲ್ಲಿ ಹಾಕಿದ್ದ. ಅದು ಹೆಸರಿನ ಮೇಲೆ ತನ್ನದೇ ಲೆಕ್ಕ ಹಾಕಿ, ಲೆಕ್ಕ ಹೇಳಿದ ಗೂಡಿನಲ್ಲಿ ಮನೆಯನ್ನಿಡುತ್ತದೆ. ಹೆಸರು ಹೇಳಿ ಕೇಳಿದರೆ ರೆಪ್ಪೆ ಬಡಿಯುವುದರೊಳಗೆ ತೆಗೆದುಕೊಡುತ್ತದೆ. ಆದರೆ ಎಲ್ಲರನ್ನೂ ಸಾಲಾಗಿ ಕರೆ ಎಂದರೆ ಗೂಡುಗಳ ಸಾಲಿನಲ್ಲಿ ಕರೆಯುತ್ತದೆ. ಯಾರ ಹಿಂದೆ ಯಾರು ಬಂದರು ಎಂಬುದು ಅದಕ್ಕೆ ನೆನಪಿರುವುದಿಲ್ಲ. ಮೇಲಿನವರು ಆ ಸಾಲನ್ನೇ ಹಿಡಿದು ಪ್ಲಾಟು ಹಂಚಿದ್ದರು.

"ರೊಕ್ಕ ಯಾರೂ ತಿನಸಿಲ್ರಿ," ಅಂದ ಗುರುಪಾದ. "ಬಾಜೂಮನಿ ಅನ್ನೂದು ಇಷ್ಟು ದೊಡ್ಡ ಮಾತು ಅಂತ ನನಗ ಹೊಳೀಲಿಲ್ಲ. ಅಷ್ಟ."

ಆಮೇಲೆ ಅವನು ಹ್ಯಾಶ್‌ಮ್ಯಾಪ್ ಎಂದಿದ್ದ ಕಡೆ ಲಿಂಕ್ಡ್ ಹ್ಯಾಶ್‌ಮ್ಯಾಪ್ ಎಂದು ಬರೆದ. ಇದರಲ್ಲಿ ಪ್ರತಿ ಮನೆಯೂ ಒಂದು ಕೈಯಲ್ಲಿ ತನಗಿಂತ ಮೊದಲು ಬಂದವರನ್ನು, ಇನ್ನೊಂದು ಕೈಯಲ್ಲಿ ಆಮೇಲೆ ಬಂದವರನ್ನು ಹಿಡಿದಿರುತ್ತದಂತೆ. ಹಾಕಿದ ಸಾಲಿನಲ್ಲೇ ಹೊರಗೆ ಬರುತ್ತದಂತೆ. ಉಮಾಶ್ರೀಗೆ ಅಜ್ಜಿಯ ಕತೆಯೊಳಗಿನ ಅಕ್ಕತಂಗಿಯರು ಕಂಡರು. ಒಬ್ಬರ ಸೆರಗು ಒಬ್ಬರು ಹಿಡಿದು ಕತ್ತಲ ಹೊಳೆ ದಾಟುತ್ತಿದ್ದರು.

ಪ್ಲಾಟು ಹಂಚಿಕೆಗೆ ಇನ್ನೂ ಮೇಲಿನ ಸಹಿ ಬಿದ್ದಿರಲಿಲ್ಲ. ಓಣಿಯ ಸಾಲನ್ನು ಸರಿಯಾಗಿ ಹೇಳುವವರು ಸಿಕ್ಕರೆ ಇಡೀ ಓಣಿಯನ್ನು ಮತ್ತೆ ತುಂಬುವೆನೆಂದ. ಅವಳು ಮರುದಿನವೇ ಅಜ್ಜಿಯ ಕೈಹಿಡಿದು ಕರೆತಂದಳು.

ಸತ್ಯವ್ವ ಸೆಂಟರಿನ ಬೆಂಚಿನ ಮೇಲೆ ಕೂತು, ಬಲಗೈಯನ್ನು ಗಾಳಿಯಲ್ಲಿ ಚಾಚಿ, ಇಲ್ಲದ ಗೋಡೆಯನ್ನು ಸವರುತ್ತ ಹೇಳತೊಡಗಿದಳು. ಒಂದೊಂದು ಮನೆಗೂ ಒಂದೊಂದು ಕತೆ. ಈ ಮನೆಯ ಸೊಸೆ ತವರಿಗೆ ಓಡಿಹೋಗಿದ್ದು, ಆ ಮನೆಯ ಮುದುಕ ಹೋರಿಯ ಜೋಡಿ ಮಾತಾಡುತ್ತಿದ್ದದ್ದು. ಉಮಾಶ್ರೀ ಕತೆಯನ್ನು ಸೋಸಿ ಹೆಸರು ಕೊಡಬೇಕು, ಗುರುಪಾದ ಟೈಪು ಮಾಡಬೇಕು. ಅವನು ಹೆಸರಿಗಿಂತ ಸೋಸುವ ತುಟಿಗಳನ್ನೇ ನೋಡುತ್ತಿದ್ದ. ಅವಳು ನೋಡಿದಾಗ ಕೀಬೋರ್ಡಿನಲ್ಲಿ ಏನೋ ಹುಡುಕುತ್ತಿದ್ದ.

"ಆ ಹುಡುಗನ ಬೆರಳು ಯಾಕ ನಿಂತಾವು?" ಅಂದಳು ಅಜ್ಜಿ.

ಕರೆಂಟು ಹೋಗೇತಿ ಎಂದು ಉಮಾಶ್ರೀ ಸುಳ್ಳು ಹೇಳಿದಳು. ಫ್ಯಾನು ತಿರುಗುತ್ತಲೇ ಇತ್ತು. ಅಜ್ಜಿ ಆ ಗಾಳಿಗೆ ಮುಖವೊಡ್ಡಿ ನಕ್ಕಳು.

ನಡುವೆ ಅಜ್ಜಿಗೆ ನೆನಪಾಯಿತು, ರಾಚಪ್ಪ ಹಿತ್ತಲಲ್ಲಿ ಇನ್ನೊಂದು ಖೋಲಿ ಕಟ್ಟಿಸಿದ್ದ. ಹಿಂದೆ ಹೋಗಿ ತಿದ್ದಬೇಕಲ್ಲ ಎಂದು ಉಮಾಶ್ರೀ ಪೇಚಾಡಿದಳು. ಗುರುಪಾದ ಬೇಕಿಲ್ಲವೆಂದ. ಅದೇ ಹೆಸರಿಗೆ ಹೊಸ ಖೋಲಿ ಸೇರಿಸಿ ಮತ್ತೆ ಹಾಕಿದ. ರಾಚಪ್ಪ ಇದ್ದಲ್ಲೇ ಇದ್ದ, ಮನೆ ಮಾತ್ರ ದೊಡ್ಡದಾಗಿತ್ತು.

"ಹೆಸರು ಅದ ಇದ್ರ ಜಾಗಾ ಬಿಡೂದಿಲ್ಲ," ಅಂದ. "ಒಳಗ ಏನರ ಬದಲಾಗ್ಲಿ."

ಆ ಮಾತು ಅವಳ ಮೈಯೆಲ್ಲ ಹರಿದಾಡಿತು. ಬಸ್ಸಿನಲ್ಲಿ ವಾಪಸು ಬರುವಾಗ ಅಜ್ಜಿ ಮೊಮ್ಮಗಳ ಹೆಗಲಿಗೆ ತಲೆಯಾನಿಸಿ, ಹುಡುಗ ನೋಡಲು ಹೇಗಿದ್ದಾನೆ ಎಂದು ಕೇಳಿದಳು. ಉಮಾಶ್ರೀ ಹೇಳಲು ಹೋಗಿ ಎಲ್ಲಿಂದ ಶುರು ಮಾಡುವುದೆಂದು ತಿಳಿಯದೆ ಕಿಟಕಿಯ ಹೊರಗೆ ನೋಡಿದಳು. ಅಜ್ಜಿಗೆ ಅಷ್ಟೇ ಸಾಕಾಯಿತು.

ಅವಳು ಅದೇ ಸೆಂಟರಿನಲ್ಲಿ ಕಂಪ್ಯೂಟರ್ ಕಲಿಯಲು ಸೇರಿದಳು. ತಪ್ಪು ಬರೆದರೆ ಅವನು ಬೈಯುತ್ತಿರಲಿಲ್ಲ, ಹಿಂದೆ ಬಂದು ನಿಲ್ಲುತ್ತಿದ್ದ. ತಪ್ಪು ಎಲ್ಲಿದೆಯೆಂದು ಗೊತ್ತಿದ್ದರೂ ಅವಳು ತಡವಾಗಿ ಹುಡುಕುತ್ತಿದ್ದಳು. ಶೇಂಗಾ ಚಟ್ನಿ ಹಚ್ಚಿದ ರೊಟ್ಟಿಯನ್ನು ಇಬ್ಬರೂ ಪೇಪರಿನ ಮೇಲಿಟ್ಟು ತಿನ್ನುತ್ತಿದ್ದರು. ಒಂದೇ ತುಂಡಿಗೆ ಇಬ್ಬರ ಕೈ ಹೋದಾಗ ಇಬ್ಬರೂ ಹಸಿವಿಲ್ಲವೆನ್ನುತ್ತಿದ್ದರು.

ಮದುವೆಯ ಮಾತು ಅವನೇ ತೆಗೆದ. ಜೊತೆಗೇ ಇನ್ನೊಂದು ಮಾತೂ ಬಂತು. ಮನೆ ಸತ್ಯವ್ವನ ಹೆಸರಿನಲ್ಲಿತ್ತು. ಉಮಾಶ್ರೀ ಮಗಳ ಮಗಳು. ಮುಧೋಳದಲ್ಲಿ ಸತ್ಯವ್ವನ ಮೈದುನನ ಮಗ ಸಾತಪ್ಪ ಎಂಬವನಿದ್ದ. ಮುದುಕಿ ಕಣ್ಣು ಮುಚ್ಚಿದರೆ ಪ್ಲಾಟು ತನ್ನದೆಂದು ಈಗಲೇ ಸಂತೆಯಲ್ಲಿ ಹೇಳಿಕೊಂಡು ತಿರುಗುತ್ತಿದ್ದ.

"ಮನಿ ನಿನ್ನ ಹೆಸರಿಗೆ ಆಗ್ಲಿ," ಅಂದ ಗುರುಪಾದ. "ನಾಳೆ ನಾ ನಿನ್ನ ಕೈ ಕೇಳಾಕ ಬಂದಾಗ, ದಿಕ್ಕಿಲ್ಲದಾಕಿ ಅಂತ ನಮ್ಮ ಮಂದಿ ಒಬ್ಬರೂ ಅನಬಾರದು."

ಮನೆಯನ್ನು ಮೊಮ್ಮಗಳಿಗೆ ಬರೆದುಕೊಡುವ ಕಾಗದಕ್ಕೆ ಅಜ್ಜಿ ಖುಷಿಯಿಂದ ಹೆಬ್ಬೆಟ್ಟು ಒತ್ತಿದಳು. ಕಾಗದಕ್ಕೆ ಮೇಲಿನವರ ಒಪ್ಪಿಗೆಯೂ ಬಂತು. ಪಟ್ಟಿ ಕಳಿಸುವ ದಿನ ಕರೆಂಟು ಹೋಗಿ ಯುಪಿಎಸ್ಸು ಕೂಗುತ್ತಿತ್ತು. ಪಕ್ಕದಲ್ಲಿ ಅವಳು ಕೂತಿದ್ದಳು, ಬಳೆ ಅವನ ತೋಳಿಗೆ ತಾಗುತ್ತಿತ್ತು. ಕೀ ಎಂದರೆ ಹೆಸರು, ಹೆಸರನ್ನು ಇದ್ದಲ್ಲೇ ತಿದ್ದಲು ಬರುವುದಿಲ್ಲ. ಅವನು ಸತ್ಯವ್ವ ಎಂಬ ಹೆಸರನ್ನು ತೆಗೆದ. ಉಮಾಶ್ರೀ ಎಂಬ ಹೆಸರನ್ನು ಹಾಕಿದ. ಪ್ರಿಂಟು ಕೊಟ್ಟ.

ತೆಗೆದು ಹೊಸದಾಗಿ ಹಾಕಿದ್ದು ಸಾಲಿನ ಕೊನೆಗೆ ಹೋಗಿ ನಿಲ್ಲುತ್ತದೆ. ಅದನ್ನು ಕಲಿಸಿದವನು ಅವನು, ಕಲಿತವಳು ಅವಳು. ಇಬ್ಬರಿಗೂ ಆ ಹೊತ್ತಿಗೆ ಬೇರೆಯೇ ಏನೋ ಕೇಳಿಸುತ್ತಿತ್ತು. ಕಾಗದದ ತಳದಲ್ಲಿ ತನ್ನ ಹೆಸರನ್ನು ಅವಳು ಕಂಡಳು ಕೂಡ. ಹಾಡಿನ ಕೊನೆಯ ಸಾಲಿನಂತೆ ಚಂದ ಕಾಣುತ್ತದೆ ಅಂದುಕೊಂಡಳು.

ತಪ್ಪು ಗೊತ್ತಾದದ್ದು ಪ್ಲಾಟು ತೋರಿಸುವ ದಿನ. ಓಣಿಯ ಎಲ್ಲರಿಗೂ ಅವರವರ ಬಾಜೂಮನೆಯೇ ಸಿಕ್ಕಿತ್ತು. ಶಿವವ್ವನಿಗೂ ರಾಚಪ್ಪನಿಗೂ ನಡುವೆ ಸತ್ಯವ್ವನ ಮನೆ ಇರಬೇಕಾದಲ್ಲಿ ತೂತೂ ಉಳಿದಿರಲಿಲ್ಲ. ಅವರಿಬ್ಬರು ಒಬ್ಬರಿಗೊಬ್ಬರು ಕೂಡಿಕೊಂಡುಬಿಟ್ಟಿದ್ದರು. ಅಜ್ಜಿ-ಮೊಮ್ಮಗಳ ಪ್ಲಾಟು ಎಲ್ಲರನ್ನೂ ದಾಟಿ, ಪೈಪಿಗೆಂದು ತೋಡಿದ ಚರಂಡಿಯನ್ನೂ ದಾಟಿ, ಹಿನ್ನೀರಿನ ಗಾಳಿಗೆ ಮುಖ ಕೊಟ್ಟು ನಿಂತಿತ್ತು. ಅದಕ್ಕಿಂತ ಮೊದಲಿನ ಪ್ಲಾಟಿನ ತುಕಾರಾಮ ಕಬ್ಬು ಕಡಿಯಲು ಸಮೀರವಾಡಿ ಕಡೆ ಹೋದರೆ ತಿಂಗಳುಗಟ್ಟಲೆ ಮನೆಗೆ ಬೀಗ ಹಾಕಿಯೇ ಇಡುವವನು. ಆಚೆಗೆ ಬರೀ ಎರೆಭೂಮಿ.

ಗುರುಪಾದ ಕಚೇರಿಯಿಂದ ಕಚೇರಿಗೆ ಅಲೆದ. ಅವಳ ಜಾಗ ಅವಳಿಗೆ ಕೊಡಬೇಕೆಂದರೆ ರಾಚಪ್ಪನಿಂದ ಹಿಡಿದು ಎಲ್ಲರೂ ಒಂದೊಂದು ಪ್ಲಾಟು ಸರಿಯಬೇಕು. ಸಹಿ ಬಿದ್ದಾಗಿತ್ತು. ಜನ ಬುನಾದಿ ಹಾಕಿಯಾಗಿತ್ತು. ಒಮ್ಮೆ ಎದ್ದು ಬಂದವರಿಗೆ ಮತ್ತೊಮ್ಮೆ ಏಳಿರೆಂದು ಹೇಳುವ ಬಾಯಿ ಯಾರಿಗಿದೆ? ಅವಳೂ ಹೇಳಲಿಲ್ಲ.

ಮನೆಗಳೆದ್ದು ಎಲ್ಲರೂ ದಿನ್ನೆಗೆ ಬಂದರು. ಹೊಸ ಊರಿನಲ್ಲಿ ಮನೆಗಳ ನಡುವೆ ಸಂದು ಬಿಟ್ಟಿದ್ದರು. ಅಜ್ಜಿಯ ಕೈ ಒಂದು ಗೋಡೆ ಮುಗಿಸಿ ಗಾಳಿಯಲ್ಲಿ ನಿಂತುಬಿಡುತ್ತಿತ್ತು. ಅವಳ ಕತೆಗಳೂ ಹಾಗೆಯೇ ಆದವು, ಅರ್ಧಕ್ಕೆ ನಿಂತು ಮುಂದೆ ಏನಿತ್ತು ಎಂದು ಮೊಮ್ಮಗಳನ್ನೇ ಕೇಳುತ್ತಿದ್ದಳು.

ಒಂದು ಮಧ್ಯಾಹ್ನ ಉಮಾಶ್ರೀ ಬೀಳಗಿಗೆ ಹೋಗಿದ್ದಳು. ಕ್ಲಾಸು ಮುಗಿದ ಮೇಲೆ ಚಹಾ ಕುಡಿದು ಹೋಗು ಎಂದ ಗುರುಪಾದ. ಅವಳು ಕುಡಿದಳು. ಒಂದು ಬಸ್ಸು ಬಿಟ್ಟಳು. ಅದೇ ಹೊತ್ತಿನಲ್ಲಿ ಸತ್ಯವ್ವ ಶಿವವ್ವನನ್ನು ಕಂಡುಬರುತ್ತೇನೆಂದು ಎದ್ದು ಹೊರಟಿದ್ದಳು. ಚರಂಡಿಯಲ್ಲಿ ಬಿದ್ದು ಟೊಂಕ ಮುರಿದುಕೊಂಡು ಎಲ್ಲರ ಹೆಸರನ್ನೂ ಕರೆದಳು. ಹಿನ್ನೀರಿನ ಗಾಳಿ ಆ ಕರೆಯನ್ನು ಬೇರೆ ಕಡೆಗೆ ಒಯ್ದಿತು. ಹಳೆಯ ಓಣಿಯಲ್ಲಾಗಿದ್ದರೆ ಒಂದು ಕೆಮ್ಮಿಗೆ ಎರಡು ಬಾಗಿಲು ತೆರೆಯುತ್ತಿದ್ದವು.

ಹೊತ್ತು ಮುಳುಗುವಾಗ ಬಂದ ಉಮಾಶ್ರೀ ಮೊದಲು ಕಂಡದ್ದು ಚರಂಡಿಯ ಅಂಚನ್ನು ಹಿಡಿದಿದ್ದ ಅಂಗೈಯನ್ನು.

ಡಾಕ್ಟರು ನೋಡಿ, ಈ ವಯಸ್ಸಿಗೆ ಎಲುಬು ಕೂಡುವುದಿಲ್ಲವೆಂದು ಮನೆಗೆ ಕಳಿಸಿದರು. ಗುರುಪಾದ ತನ್ನ ಟಿವಿಎಸ್ ಗಾಡಿಯ ಮೇಲೆ ದಿನವೂ ಬಂದ. ಔಷಧ ತಂದ, ನೀರು ಹೊತ್ತ. ಉಮಾಶ್ರೀ ಅವನ ಕೈಗೆ ಚಹಾ ಕೊಡುತ್ತಿದ್ದಳು, ಮುಖ ಕೊಡುತ್ತಿರಲಿಲ್ಲ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತೇನೋ. ಅವಳ ಬಾಯಲ್ಲಿ ಬೈಗುಳ ಉಳಿದಿರಲಿಲ್ಲ, ಬೈದರೆ ಅದು ತಿರುಗಿ ತನಗೇ ಬಂದು ಬಡಿಯುತ್ತದೆಂದು ಅವಳಿಗೆ ಗೊತ್ತಿತ್ತು.

ಒಂದು ಸಂಜೆ ಅವಳು ಹೊರಗೆ ಪಾತ್ರೆ ತಿಕ್ಕುತ್ತಿದ್ದಾಗ ಒಳಗಿನ ಮಾತು ಕೇಳಿಸಿತು. ಓಣಿ ಹೇಳು ಎನ್ನುತ್ತಿದ್ದಳು ಅಜ್ಜಿ. ಕೀ ಒತ್ತಿ ಒತ್ತಿ ಅವನಿಗೆ ಆ ಓಣಿ ಬಾಯಿಪಾಠವಾಗಿತ್ತು. ಅವನು ಮೆಲ್ಲಗೆ, ಒಂದೊಂದೇ ಬಾಗಿಲು ತಟ್ಟಿದಂತೆ ಹೇಳುತ್ತ ಹೋದ. ಹಾಲಸಿದ್ದಪ್ಪ. ಮಾಯವ್ವ. ಶಿವವ್ವ. ಅಲ್ಲಿ ಅವನ ದನಿ ತಡೆಯಿತು.

"ಸತ್ಯವ್ವ," ಅಂದ. ಆಮೇಲೆ, "ರಾಚಪ್ಪ."

"ಹಾಂ," ಎಂದಳು ಅಜ್ಜಿ, ದಾಹ ತೀರಿದವಳಂತೆ. "ಇನ್ನೊಮ್ಮೆ ಹೇಳಪಾ."

ಉಮಾಶ್ರೀ ಸೆರಗನ್ನು ಬಾಯಿಗೆ ತುರುಕಿಕೊಂಡಳು. ನೀರು ತಾನೇ ಹರಿದುಹೋಗಿ ಪಾತ್ರೆ ಬರಿದಾಯಿತು.

ಸತ್ಯವ್ವ ಹೋದದ್ದು ಹಾಗೊಂದು ಸಂಜೆಯ ಮರುದಿನ ಬೆಳಗಿಗೆ. ಮಣ್ಣಿಗೆ ಓಣಿ ಪೂರ್ತಿ ಬಂತು. ಮುಧೋಳದಿಂದ ಸಾತಪ್ಪನೂ ಬಂದ. ಮಣ್ಣು ಹಾಕಿದ ಕೈ ತೊಳೆಯುವ ಮೊದಲೇ ಮನೆಯ ಮಾತು ತೆಗೆದ. ಮನೆ ಉಮಾಶ್ರೀಯ ಹೆಸರಿಗಿದೆಯೆಂದು ಹಾಲಸಿದ್ದಪ್ಪ ಹೇಳಿದಾಗ ಅವನು ಗೋಡೆಗಳನ್ನೊಮ್ಮೆ ನೋಡಿ, ಊಟಕ್ಕೂ ನಿಲ್ಲದೆ ಹೋದ. ಉಮಾಶ್ರೀ ಅಂಗಳದಲ್ಲಿ ನಿಂತು ಅದನ್ನು ಕಂಡಳು. ಅಜ್ಜಿಯನ್ನು ಕಳೆದ ಕೆಲಸವೇ ತನ್ನ ತಲೆಯ ಮೇಲೆ ಸೂರು ಉಳಿಸಿತ್ತು. ಇದನ್ನು ಯಾರಿಗೆ ಹೇಳಿ ಅಳುವುದು? ದೂರದಲ್ಲಿ ಗುರುಪಾದ ಎಲ್ಲರಿಗಿಂತ ಹಿಂದೆ, ಕೈಯ ಮಣ್ಣು ಒರೆಸಿಕೊಳ್ಳದೆ ನಿಂತಿದ್ದ.

ಬೀರದೇವರ ಓಣಿಯಲ್ಲಿ ಸಾವಾದ ಮನೆಯ ಒಲೆಯನ್ನು ಆ ಮನೆಯವರು ಹೊತ್ತಿಸುವುದಿಲ್ಲ. ಬಾಜೂಮನೆಯವರು ತಮ್ಮ ಒಲೆಯ ಕೆಂಡ ತಂದು ಹೊತ್ತಿಸಬೇಕು. ಅಲ್ಲಿಯತನಕ ಆ ಮನೆಗೆ ಊರ ಅನ್ನ. ಕೊನೆಯ ಮನೆಗೆ ಒಂದು ಕಡೆ ತುಕಾರಾಮನ ಬೀಗ, ಇನ್ನೊಂದು ಕಡೆ ಬಯಲು. ಶಿವವ್ವ ತಾನು ತರುತ್ತೇನೆಂದು ಹಟ ಹಿಡಿದು, ಸಗಣಿ ಕುಳ್ಳಿನ ಕೆಂಡವನ್ನು ಹಂಚಿನ ಮೇಲಿಟ್ಟುಕೊಂಡು ಓಣಿಯುದ್ದ ನಡೆದು ಬಂದಳು. ಅವಳು ಮುದುಕಿ, ದಾರಿ ಉದ್ದ, ಗಾಳಿ ಬಿರುಸು. ಹೊಸ್ತಿಲಿಗೆ ಬಂದು ಹಂಚು ಇಳಿಸಿದಾಗ ಅದರಲ್ಲಿ ಬೂದಿ ಇತ್ತು. ಇಬ್ಬರೂ ಆ ಬೂದಿಯನ್ನು ನೋಡುತ್ತ ಕೂತರು.

ಕಾಲ ಬದಲಾಗಿದೆ, ಕಡ್ಡಿ ಗೀರಿ ಹೊತ್ತಿಸು ಎಂದು ಹಾಲಸಿದ್ದಪ್ಪ ಬುದ್ಧಿ ಹೇಳಿದ. ಉಮಾಶ್ರೀ ಒಲ್ಲೆ ಎಂದಳು. ತಾನೇ ಹೊತ್ತಿಸಿದರೆ ಈ ಮನೆಗೆ ಬಾಜೂಮನೆ ಇಲ್ಲವೆಂದು ತಾನೇ ಒಪ್ಪಿದಂತೆ. ಮಾಯವ್ವ ಕಳಿಸಿದ ರೊಟ್ಟಿ ತಿಂದು, ತಣ್ಣನೆಯ ಒಲೆಯ ಮುಂದೆ ಮಲಗಿದಳು.

ಕೆಲವು ದಿನ ಗುರುಪಾದ ಬರಲಿಲ್ಲ. ಹೋದನೆಂದುಕೊಂಡಳು. ಹೋಗಲಿ ಎಂದೂ ಅಂದುಕೊಂಡಳು. ಆದರೆ ರಸ್ತೆಯಲ್ಲಿ ಟಿವಿಎಸ್ ಸದ್ದಾದಾಗೆಲ್ಲ ಕೈಯ ಕೆಲಸ ಕೈಯಲ್ಲೇ ನಿಲ್ಲುತ್ತಿತ್ತು. ತನ್ನ ಮೈಯೇ ತನಗೆ ಎರಡು ಬಗೆಯುತ್ತಿದೆಯೆಂದು ಅವಳಿಗೆ ಸಿಟ್ಟು ಬಂತು.

ಒಂದು ಬೆಳಿಗ್ಗೆ ಹೊರಗೋಡೆಯ ಆಚೆ ಸದ್ದು ಕೇಳಿ ಎದ್ದು ಹೋದಳು. ಗುರುಪಾದ ಬಯಲಿನಲ್ಲಿ ಗೂಟ ಹೊಡೆಯುತ್ತಿದ್ದ. ಮೂರು ಕಡೆ ಜೋಳದ ಕಣಿಕೆ ಕಟ್ಟಿ, ಮೇಲೆ ತಗಡು ಹೊದಿಸಿದ್ದ. ನಾಲ್ಕನೆಯ ಕಡೆ ಏನೂ ಕಟ್ಟಿರಲಿಲ್ಲ. ಅಲ್ಲಿ ಅವಳ ಮನೆಯ ಗೋಡೆಯಿತ್ತು.

ಹಾಲಸಿದ್ದಪ್ಪನೂ ಬಂದು, ಕೈ ಹಿಂದೆ ಕಟ್ಟಿ, ಗುಡಿಸಲನ್ನು ಸುತ್ತು ಹಾಕಿ ನೋಡಿದ. ಇದೇನಪಾ ಎಂದ. ಮನಿರೀ ಎಂದ ಗುರುಪಾದ. ಒಲೆ ಎಲ್ಲಿ ಎಂದ ಮುದುಕ. ಒಳಗೆ ಮೂರು ಕಲ್ಲುಗಳ ನಡುವೆ ಕುಳ್ಳು ಹೊಗೆಯಾಡುತ್ತಿತ್ತು. ಪಕ್ಕದಲ್ಲಿ ಒಂದು ಕಡೆ ಕಪ್ಪಾಗಿ ಇನ್ನೊಂದು ಕಡೆ ಹಸಿಯಾಗಿದ್ದ ರೊಟ್ಟಿಯೊಂದಿತ್ತು. ಅದನ್ನು ಮಾಡಿದ ಬೆರಳುಗಳಿಗೆ ಅವನು ಅರಿವೆ ಸುತ್ತಿಕೊಂಡಿದ್ದ.

"ಕೊನೀಮನಿ ಆದ ಮ್ಯಾಲೆ," ಅಂದ ಗುರುಪಾದ, ಮುದುಕನಿಗೆ ಹೇಳಿದರೂ ಮಾತು ಅವಳ ಕಡೆಗಿತ್ತು, "ಹೊಸದಾಗಿ ಬರಾವ ಅದರ ಬಾಜೂಕ ಬರಬೇಕ್ರೀ. ಬ್ಯಾರೆ ಜಾಗಾ ಇರೂದಿಲ್ಲ."

ಹಾಲಸಿದ್ದಪ್ಪ ರೊಟ್ಟಿಯನ್ನು ತಿರುವಿ ನೋಡಿದ. ಇದನ್ನು ನಾಯಿಗೆ ಹಾಕಿದರೆ ನಾಯಿಯೂ ಊರು ಬಿಟ್ಟೀತು ಎಂದ. ಆಮೇಲೆ ತಂಬಾಕು ಉಗುಳಿ, ಗೋಡೆಯ ಮೇಲೆ ಅಂಗೈ ಇಟ್ಟು, ಗೋಡೆ ಒಂದೇ ಆದ ಮೇಲೆ ಬಾಜೂಮನೆಯೇ ಖರೆ ಎಂದು ಹೇಳಿ, ಹಿಂದಿರುಗಿ ನೋಡದೆ ಹೋದ.

ಉಮಾಶ್ರೀ ತನ್ನ ಮನೆಗೆ ಬಂದು ಬಾಗಿಲಲ್ಲಿ ಅಡ್ಡ ನಿಂತಳು. ಸ್ವಲ್ಪ ಹೊತ್ತಿಗೆ ಅವನು ಹಂಚಿನಲ್ಲಿ ಕೆಂಡ ಹಿಡಿದು, ಗಾಳಿಗೆ ಬೆನ್ನು ಕೊಟ್ಟು, ಪಕ್ಕಕ್ಕೆ ಪಕ್ಕಕ್ಕೆ ಹೆಜ್ಜೆಯಿಡುತ್ತ ಅಂಗಳಕ್ಕೆ ಬಂದ. ದಾರಿ ಎಷ್ಟು ಸಣ್ಣದಿತ್ತೆಂದರೆ ಕೆಂಡ ಇನ್ನೂ ಕೆಂಪಗಿತ್ತು.

ಇಷ್ಟು ದಿನದಲ್ಲಿ ಮೊದಲ ಸಲ ಅವಳು ಅವನ ಮುಖ ನೋಡಿದಳು. ಅವನು ಸೊರಗಿದ್ದ. ಕಣ್ಣಿನ ಮೂಲೆಯಲ್ಲಿ ಯಾವ ನಗುವೂ ಇರಲಿಲ್ಲ.

"ನಿನ್ನ ನೋಡಿದ್ರ ಅಜ್ಜಿ ಕೈ ಕಾಣತೈತಿ," ಅಂದಳು. "ನಿನ್ನ ಮ್ಯಾಲಿನ ಸಿಟ್ಟು ಹೋಗಿಲ್ಲ. ನನ್ನ ಮ್ಯಾಲಿಂದೂ ಹೋಗಿಲ್ಲ."

"ಹೋಗ್ಲಿ ಅಂತ ಬಂದಿಲ್ಲ."

"ಮತ್ತ ಯಾಕ ಬಂದಿ?"

ಹಂಚು ಸುಡುತ್ತಿರಬೇಕು, ಕೈ ಬದಲಾಯಿಸಿದ.

"ನೀ ಕರದ್ರ ಕೇಳಬೇಕಲ್ಲ," ಅಂದ.

ಅವಳು ಬಾಗಿಲು ಬಿಡಲಿಲ್ಲ. ಅವನ ಬೆರಳಿಗೆ ಸುತ್ತಿದ ಅರಿವೆಯ ಅಂಚು ಬಿಸಿಗೆ ಕಪ್ಪಾಗತೊಡಗಿತ್ತು. ಅವನು ಕೆಳಗಿಡಲಿಲ್ಲ.

"ಮದವಿ ಮಾತು ಈಗ ಕೇಳಬ್ಯಾಡ," ಅಂದಳು. "ಎಂದು ಅಂತನೂ ಕೇಳಬ್ಯಾಡ."

"ಕೇಳೂದಿಲ್ಲ," ಅಂದ ಗುರುಪಾದ. "ಬೆಂಕಿ ಆರತೈತಿ, ಉಮಾ."

ಅವಳು ಬಾಗಿಲಿನಿಂದ ಸರಿದಳು.